ನಗರದ ಹಸಿರು, ಮನಸ್ಸಿನ ನೆಮ್ಮದಿ

ಹಸಿರಿಗೂ ಆರೋಗ್ಯಕ್ಕೂ ಇರುವ ನಂಟನ್ನು ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಅಂಕಿ-ಅಂಶಗಳೊಂದಿಗೆ ಮುಂದಿಟ್ಟರು. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳಲ್ಲಿ, ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದವರು ಇಟ್ಟಿಗೆ ಗೋಡೆಯನ್ನಷ್ಟೇ ಕಂಡವರಿಗಿಂತ ಬೇಗ ಮನೆಗೆ ತೆರಳಿದ್ದರು. ಪ್ರಬಲ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾಗಿದ್ದವು.

ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ಆಧರಿಸಿದ 2019ರ ಅಧ್ಯಯನವು, ವಾರಕ್ಕೆ ಕನಿಷ್ಠ 120 ನಿಮಿಷ ನಿಸರ್ಗದ ನಡುವೆ ಕಳೆಯುವವರಲ್ಲಿ ಉತ್ತಮ ಆರೋಗ್ಯ, ನೆಮ್ಮದಿ ಹೆಚ್ಚಾಗಿ ಕಂಡುಬರುತ್ತವೆ ಎಂದಿತು. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂಬ ಸಾಧ್ಯತೆಯನ್ನು ಇದು ತಳ್ಳಿಹಾಕದು.

ದಿನಕ್ಕೆ ಲೆಕ್ಕ ಹಾಕಿದರೆ ಅದು ಸುಮಾರು 17 ನಿಮಿಷ. ಬೆಂಗಳೂರಿನಲ್ಲಿ 240 ಎಕರೆಯ ಲಾಲ್‌ಬಾಗ್ ಇದೆ, ನಿಜ. ಆದರೆ ಹೊರವಲಯದ ನಿವಾಸಿಗೆ ಈ ನಿಮಿಷಗಳು ನಿತ್ಯ ದಕ್ಕಬೇಕಾದರೆ ಬಡಾವಣೆಯ ಪುಟ್ಟ ಉದ್ಯಾನವೇ ಗತಿ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆ 1985ರ ರಾಜ್ಯ ಕಾಯ್ದೆಯಿದೆ.