ಟೌಂಗ್ ಕೂಸಿನ ತಲೆಬುರುಡೆ

ಅಂಗೈಯಲ್ಲಿ ಇಟ್ಟುಕೊಳ್ಳಬಹುದಾದಷ್ಟು ಪುಟ್ಟ ಮುಖ. ಎರಡು ದುಂಡನೆಯ ಕಣ್ಣುಗೂಡುಗಳು, ಕೆಳಗೆ ಹಾಲುಹಲ್ಲುಗಳ ಸಾಲು, ಹಿಂಬದಿಯಲ್ಲಿ ಕಲ್ಲಾಗಿ ಹೋದ ಮಿದುಳಿನ ಅಚ್ಚು. ದಕ್ಷಿಣ ಆಫ್ರಿಕದ ಟೌಂಗ್ ಎಂಬಲ್ಲಿ 1924ರಲ್ಲಿ ಸುಣ್ಣಕಲ್ಲಿನ ಗಣಿಯಿಂದ ಹೊರಬಿದ್ದ ಈ ತಲೆ ಇಂದಿಗೂ ಜೊಹಾನ್ಸ್‌ಬರ್ಗ್ ನಗರದ ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿದೆ. ಅದರ ವಿಷಯವಾಗಿ ಬರೆದ ಮೊದಲ ಲೇಖನ ಅಚ್ಚಾಗಿ 2025ರ ಫೆಬ್ರವರಿಗೆ ನೂರು ವರ್ಷ ತುಂಬಿತು. ಎಲುಬುಗಳ ಶಾಸ್ತ್ರ ನನ್ನದಲ್ಲ. ನಾನು ಕನ್ನಡ ಪಾಠ ಹೇಳುವವನು. ಆದರೆ ಹಳೆಯ ಓಲೆಗರಿಯೊಂದು ಕೈಗೆ ಬಂದಾಗ ಪಂಡಿತರು ಅದನ್ನು ಹೇಗೆ ಓದುತ್ತಾರೆ, ಕಣ್ಣೆದುರಿನ ಅಕ್ಷರಕ್ಕಿಂತ ತಮ್ಮ ತಲೆಯೊಳಗಿನ ಪಾಠವನ್ನೇ ಹೇಗೆ ನಂಬುತ್ತಾರೆ ಎಂಬುದನ್ನು ಬಲ್ಲವನಿಗೆ ಈ ಕಲ್ಲಿನ ಕಥೆ ಪರಕೀಯವೆನಿಸುವುದಿಲ್ಲ.

ಕಥೆಗೆ ಸ್ವಲ್ಪ ಪೂರ್ವಪೀಠಿಕೆ ಬೇಕು. ಮನುಷ್ಯನ ಪೂರ್ವಜರು ಆಫ್ರಿಕದಲ್ಲಿಯೇ ಇದ್ದಿರುವ ಸಂಭವ ಹೆಚ್ಚೆಂದು ಡಾರ್ವಿನ್ 1871ರಲ್ಲಿಯೇ ಊಹಿಸಿದ್ದರು. ಏಕೆಂದರೆ ನಮಗೆ ಅತ್ಯಂತ ಹತ್ತಿರದ ವಾನರಗಳಾದ ಚಿಂಪಾಂಜಿ ಮತ್ತು ಗೊರಿಲ್ಲಗಳ ನೆಲೆ ಅದು. ಆದರೆ ಆ ಊಹೆಯನ್ನು ಹಿಂಬಾಲಿಸಿ ಹೊರಟವರು ಕಡಮೆ. ಡಚ್ ವೈದ್ಯ ದ್ಯೂಬ್ವ 1891ರಲ್ಲಿ ಜಾವದಲ್ಲಿ ಒಂದು ಬುರುಡೆಯ ಮೇಲ್ಭಾಗವನ್ನು ಕಂಡುಹಿಡಿದಮೇಲೆ ಎಲ್ಲರ ದೃಷ್ಟಿ ಏಷ್ಯದ ಕಡೆ ತಿರುಗಿತು. 1912ರಲ್ಲಿ ಇಂಗ್ಲೆಂಡಿನವರಿಗೆ ಇನ್ನೂ ಸಂತೋಷದ ಸುದ್ದಿ ಸಿಕ್ಕಿತು: ಸಸೆಕ್ಸ್ ಪ್ರಾಂತದ ಪಿಲ್ಟ್‌ಡೌನ್ ಎಂಬ ಊರಿನಲ್ಲಿಯೇ ಆದಿಮಾನವನೊಬ್ಬನು ದೊರೆತನು! ಅವನಿಗೆ ಮನುಷ್ಯನಂತೆ ದೊಡ್ಡ ತಲೆ, ವಾನರನಂತೆ ದವಡೆ. ಬುದ್ಧಿ ಮೊದಲು ಬೆಳೆಯಿತು, ದೇಹ ಅದನ್ನು ಹಿಂಬಾಲಿಸಿತು ಎಂಬ ಮತಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಮನುಷ್ಯನು ಮನುಷ್ಯನಾದದ್ದು ತನ್ನ ಮಿದುಳಿನಿಂದ ಎಂದು ನಂಬುವುದು ಯಾರಿಗೆ ತಾನೆ ಪ್ರಿಯವಲ್ಲ? ಅದರಲ್ಲಿಯೂ ಪ್ರಾಧ್ಯಾಪಕರಿಗೆ!

ಇಂಥ ಕಾಲದಲ್ಲಿ, 1923ರಲ್ಲಿ, ರೇಮಂಡ್ ಡಾರ್ಟ್ ಎಂಬ ತರುಣರು ಜೊಹಾನ್ಸ್‌ಬರ್ಗಿಗೆ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ, ಲಂಡನ್ನಿನಲ್ಲಿ ಎಲಿಯಟ್ ಸ್ಮಿತ್ ಎಂಬ ಮಿದುಳಿನ ತಜ್ಞರ ಕೈಕೆಳಗೆ ಪಳಗಿದವರು. ಅವರ ವಿದ್ಯಾರ್ಥಿನಿ ಜೋಸೆಫಿನ್ ಸಾಲ್ಮನ್ಸ್ 1924ರಲ್ಲಿ ಪರಿಚಿತರೊಬ್ಬರ ಮನೆಯ ಅಗ್ಗಿಷ್ಟಿಕೆಯ ಮೇಲೆ ಅಲಂಕಾರಕ್ಕೆಂದು ಇಟ್ಟಿದ್ದ ಬಬೂನ್ ಕೋತಿಯ ಪಳೆಯುಳಿಕೆಯೊಂದನ್ನು ಕಂಡಳು. ಗುರುಗಳಿಗೆ ತಂದು ತೋರಿಸಿದಳು. ಅದು ಬಂದದ್ದು ಕಲಹಾರಿ ಮರುಭೂಮಿಯ ಅಂಚಿನ ಟೌಂಗ್‌ನ ಸುಣ್ಣದ ಗಣಿಯಿಂದ. ಟೌಂಗ್ ಎಂದರೆ ಅಲ್ಲಿಯವರ ತ್ಸ್ವಾನ ಭಾಷೆಯಲ್ಲಿ ‘ಸಿಂಹದ ಸ್ಥಳ’ ಎಂದು ಅರ್ಥ ಹೇಳುತ್ತಾರೆ. ಡಾರ್ಟ್ ತಮ್ಮ ಸಹೋದ್ಯೋಗಿ, ಭೂಗರ್ಭಶಾಸ್ತ್ರಜ್ಞ ಯಂಗ್ ಅವರ ಮೂಲಕ ಗಣಿಯವರಿಗೆ ಹೇಳಿಸಿದರು: ಇಂಥ ಕಲ್ಲುಗಳು ಸಿಕ್ಕರೆ ಸುಣ್ಣದ ಗೂಡಿಗೆ ಹಾಕಬೇಡಿ, ನನಗೆ ಕೊಡಿ.

ಮುಂದಿನದನ್ನು ಡಾರ್ಟ್ ತಮ್ಮ ಆತ್ಮವೃತ್ತಾಂತದಲ್ಲಿ ಸ್ವಾರಸ್ಯವಾಗಿ ಹೇಳಿದ್ದಾರೆ. ಕಲ್ಲಿನ ಪೆಟ್ಟಿಗೆಗಳು ಬಂದ ದಿನ ಅವರ ಮನೆಯಲ್ಲಿ ಸ್ನೇಹಿತನ ಮದುವೆ. ವರನ ಜೊತೆಗೆ ನಿಲ್ಲಬೇಕಾದವರು ಇವರೇ. ಬಿಗಿಯಾದ ಕಾಲರನ್ನು ಕಿತ್ತೆಸೆದು ಪೆಟ್ಟಿಗೆಯ ಮುಚ್ಚಳ ತೆಗೆದರಂತೆ. ಎರಡನೆಯ ಪೆಟ್ಟಿಗೆಯಲ್ಲಿ ಮಿದುಳಿನ ಅಚ್ಚು! ಸತ್ತ ಪ್ರಾಣಿಯ ಬುರುಡೆಯೊಳಗೆ ಮಣ್ಣು, ಸುಣ್ಣದ ನೀರು ತುಂಬಿಕೊಂಡು, ಗಟ್ಟಿಯಾಗಿ, ಮಿದುಳಿನ ಮಡಿಕೆಗಳನ್ನೆಲ್ಲ ಎತ್ತಿ ತೋರಿಸುತ್ತಿತ್ತು. ಅದಕ್ಕೆ ಸರಿಯಾಗಿ ಹೊಂದುವ ಕುಳಿಯಿದ್ದ ಇನ್ನೊಂದು ಕಲ್ಲೂ ಅಲ್ಲಿಯೇ ಇತ್ತು. ಮುಖ ಅದರೊಳಗೆ ಹುದುಗಿತ್ತು. ಹೊರಗೆ ವರನು ಕಾಯುತ್ತಿದ್ದನು. ಈ ಪ್ರಸಂಗಕ್ಕೆ ಹೇಳುವವರ ನಾಲಗೆಯಿಂದ ಸ್ವಲ್ಪ ಬಣ್ಣ ಸೇರಿರಲೂಬಹುದು, ಸೇರಿದ್ದರೂ ನಷ್ಟವಿಲ್ಲ. ಮುಂದಿನ ವಾರಗಳಲ್ಲಿ ಡಾರ್ಟ್ ಸುತ್ತಿಗೆ, ಉಳಿ, ಹೆಂಡತಿಯ ಹೆಣಿಗೆ ಕಡ್ಡಿಗಳಿಂದ ಕಲ್ಲನ್ನು ಕೆರೆಯುತ್ತ ಕುಳಿತರು. ಡಿಸೆಂಬರ್ 23ರಂದು ಕಲ್ಲು ಬಿಟ್ಟುಕೊಟ್ಟು ಮುಖ ಕಂಡಿತು. ಕೂಸಿನ ಮುಖ. ಮೊದಲನೆಯ ದೊಡ್ಡ ದವಡೆಹಲ್ಲು ಆಗತಾನೆ ಮೂಡುತ್ತಿತ್ತು.

ಡಾರ್ಟರಿಗೆ ಅದರಲ್ಲಿ ಕಂಡದ್ದೇನು? ಮಿದುಳು ಚಿಕ್ಕದು, ಇಂದಿನ ಅಳತೆಯಲ್ಲಿ ಸುಮಾರು 400 ಘನ ಸೆಂಟಿಮೀಟರ್, ನಮ್ಮದರ ಮೂರನೆಯ ಒಂದು ಭಾಗಕ್ಕೂ ಕಡಮೆ. ಗಾತ್ರದಲ್ಲಿ ಅದು ವಾನರವೇ. ಆದರೆ ಕೋರೆಹಲ್ಲುಗಳು ಸಣ್ಣವು, ಮನುಷ್ಯರ ಮಕ್ಕಳಂತೆ. ಎಲ್ಲಕ್ಕಿಂತ ಮುಖ್ಯವಾದದ್ದು ಬುರುಡೆಯ ತಳದಲ್ಲಿ ಬೆನ್ನುಹುರಿ ಹೊಗುವ ರಂಧ್ರದ ಸ್ಥಾನ. ನಾಲ್ಕು ಕಾಲಿನ ಮೇಲೆ ನಡೆಯುವ ಪ್ರಾಣಿಗೆ ಆ ರಂಧ್ರ ತಲೆಯ ಹಿಂಬದಿಗೆ ಇರುತ್ತದೆ, ತಲೆಯು ಕುತ್ತಿಗೆಯಿಂದ ಮುಂದಕ್ಕೆ ಜೋತುಬಿದ್ದಿರುತ್ತದೆ. ಈ ಕೂಸಿನಲ್ಲಿ ಅದು ಮುಂದಕ್ಕೆ ಸರಿದಿತ್ತು. ಎಂದರೆ ಕೊಡವನ್ನು ಹೊತ್ತಂತೆ ಬೆನ್ನೆಲುಬು ತಲೆಯನ್ನು ಕೆಳಗಿನಿಂದ ಹೊತ್ತಿತ್ತು. ವಾನರದ ಮಿದುಳಿನ ಈ ಜೀವಿ ಎರಡು ಕಾಲಿನ ಮೇಲೆ ನೆಟ್ಟಗೆ ನಡೆಯುತ್ತಿತ್ತು. ಕಾಡೇ ಇಲ್ಲದ ಒಣ ನೆಲದಲ್ಲಿ ಮರವನ್ನು ನಂಬಿದ ವಾನರ ಬದುಕುವುದು ಹೇಗೆ ಎಂದೂ ಡಾರ್ಟ್ ಕೇಳಿದರು. ಪಿಲ್ಟ್‌ಡೌನಿನವನು ಹೇಳಿದ್ದನ್ನು ಈ ಮಗು ಪೂರ್ತಿಯಾಗಿ ತಿರುಗುಮುರುಗು ಮಾಡಿ ಹೇಳುತ್ತಿತ್ತು: ಕಾಲು ಮೊದಲು, ತಲೆ ಆಮೇಲೆ.

1925ರ ಫೆಬ್ರವರಿ 7ರ ‘ನೇಚರ್’ ಪತ್ರಿಕೆಯಲ್ಲಿ ಲೇಖನ ಬಂದಿತು. ಕೂಸಿಗೆ ಡಾರ್ಟ್ ಇಟ್ಟ ಹೆಸರು ಆಸ್ಟ್ರಲೋಪಿಥಿಕಸ್ ಆಫ್ರಿಕಾನಸ್, ‘ಆಫ್ರಿಕದ ದಕ್ಷಿಣವಾನರ’. ಈ ಹೆಸರಿಗೇ ಮೊದಲು ಪಂಡಿತರ ಹುಬ್ಬು ಗಂಟಾಯಿತು. ‘ಆಸ್ಟ್ರಲ್’ ಎಂಬುದು ಲ್ಯಾಟಿನ್, ‘ಪಿಥಿಕಸ್’ ಎಂಬುದು ಗ್ರೀಕ್, ಎರಡನ್ನೂ ಬೆಸೆಯುವುದೆ? ನಮ್ಮ ಕೇಶಿರಾಜನಾಗಿದ್ದರೆ ಅರಿಸಮಾಸವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದನು. ಕನ್ನಡದವರಾದ ನಾವೇನೋ ಮಳೆಯನ್ನು ಕಾಲಕ್ಕೆ ಸೇರಿಸಿ ‘ಮಳೆಗಾಲ’ವೆಂದು ಧಾರಾಳವಾಗಿ ಹೇಳುತ್ತೇವೆ, ಮಳೆಯೇನೂ ಅದಕ್ಕಾಗಿ ನಿಂತಿಲ್ಲ. ಹೆಸರಿಟ್ಟವರು ಆಸ್ಟ್ರೇಲಿಯದವರಾದದ್ದರಿಂದ ಕೇಳಿದವರಿಗೆ ಇನ್ನಷ್ಟು ಗೊಂದಲ.

ಒಂದು ವಾರದಲ್ಲಿ ಅದೇ ಪತ್ರಿಕೆಯಲ್ಲಿ ನಾಲ್ವರು ವಿದ್ವಾಂಸರ ಅಭಿಪ್ರಾಯ ಅಚ್ಚಾಯಿತು: ಆರ್ಥರ್ ಕೀತ್, ಎಲಿಯಟ್ ಸ್ಮಿತ್, ಸ್ಮಿತ್ ವುಡ್‌ವರ್ಡ್, ಡಕ್‌ವರ್ತ್. ಮಾತು ಸೌಮ್ಯ, ಒಪ್ಪಿಗೆ ಅಲ್ಪ. ಇವರಲ್ಲಿ ಮೊದಲ ಮೂವರೂ ಪಿಲ್ಟ್‌ಡೌನಿನ ಮಾನವನನ್ನು ಎತ್ತಿ ಹಿಡಿದಿದ್ದವರು ಎಂಬುದನ್ನು ವಾಚಕರು ಗಮನಿಸಬೇಕು. ಆದರೂ ಅವರ ಆಕ್ಷೇಪಣೆಯೆಲ್ಲ ಹುರುಳಿಲ್ಲದ್ದೆಂದು ನಾನು ಹೇಳಲಾರೆ. ಚಿಂಪಾಂಜಿಯ ಮರಿಯ ಮುಖ ಬೆಳೆದ ಚಿಂಪಾಂಜಿಗಿಂತ ಎಷ್ಟೋ ಹೆಚ್ಚಾಗಿ ಮನುಷ್ಯನನ್ನು ಹೋಲುತ್ತದೆ. ಒಂದೇ ಒಂದು ಮಗುವಿನ ತಲೆಯ ಮೇಲೆ ಒಂದು ವಂಶವೃಕ್ಷವನ್ನು ಕಟ್ಟುವುದು ಸಾಹಸವೇ ಸರಿ. ಬೆಳೆದವನೊಬ್ಬನನ್ನು ತೋರಿಸಿ ಎಂದು ಕೇಳಿದ್ದು ನ್ಯಾಯ. ಆದರೆ ಕೀತರು ಅಲ್ಲಿಗೇ ನಿಲ್ಲಲಿಲ್ಲ. ಬೇಸಗೆಯಲ್ಲಿ ಲಂಡನ್ನಿನ ವೆಂಬ್ಲಿ ವಸ್ತುಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟಿದ್ದ ಅಚ್ಚನ್ನು ಜನರ ನಡುವೆ ನಿಂತು ನೋಡಬೇಕಾಯಿತೆಂದು ಗೊಣಗಿ, ಡಾರ್ಟರ ವಾದವನ್ನು ಪೂರ್ತಿಯಾಗಿ ತಳ್ಳಿಹಾಕಿದರು. 1931ರಲ್ಲಿ ಡಾರ್ಟರೇ ಬುರುಡೆಯನ್ನು ಲಂಡನ್ನಿಗೆ ಕೊಂಡೊಯ್ದರು. ಆ ಹೊತ್ತಿಗೆ ಚೀನದ ಪೀಕಿಂಗ್ ಮಾನವನ ಹೊಸ ಬುರುಡೆಗಳು ಎಲ್ಲರ ಬಾಯಲ್ಲಿದ್ದವು; ಈ ಮಗುವನ್ನು ಕೇಳುವವರಿಲ್ಲ. ಅವರ ವಿಸ್ತಾರವಾದ ಪ್ರಬಂಧದಲ್ಲಿ ಹಲ್ಲುಗಳ ಭಾಗವನ್ನು ಮಾತ್ರ ಅಚ್ಚು ಹಾಕುವೆವೆಂದು ರಾಯಲ್ ಸೊಸೈಟಿಯವರು ಹೇಳಿದರು, ಡಾರ್ಟ್ ಹಸ್ತಪ್ರತಿಯನ್ನು ಹಿಂದಕ್ಕೆ ತೆಗೆದುಕೊಂಡರು. ಅದೇ ಪ್ರವಾಸದಲ್ಲಿ ಅವರ ಹೆಂಡತಿ ಬುರುಡೆಯ ಪೆಟ್ಟಿಗೆಯನ್ನು ಟ್ಯಾಕ್ಸಿಯಲ್ಲಿ ಮರೆತು, ಅದು ಪೊಲೀಸ್ ಠಾಣೆಯಿಂದ ಮರಳಿ ಸಿಕ್ಕಿತು.

ಡಾರ್ಟರ ಪಕ್ಷವನ್ನು ಹಿಡಿದವರಲ್ಲಿ ಮೊದಲಿಗರು ರಾಬರ್ಟ್ ಬ್ರೂಮ್, ಸ್ಕಾಟ್ಲೆಂಡಿನಿಂದ ಬಂದ ವೈದ್ಯರು. ಲೇಖನ ಬಂದ ಸ್ವಲ್ಪ ದಿನಕ್ಕೇ ಪ್ರಯೋಗಶಾಲೆಗೆ ನುಗ್ಗಿ, ನಮ್ಮ ಪೂರ್ವಜನಿಗೆ ನಮಸ್ಕಾರವೆಂದು ಬುರುಡೆಯ ಮುಂದೆ ಮೊಣಕಾಲೂರಿದರಂತೆ. ವಿಚಿತ್ರ ಮುದುಕ. ಅರವತ್ತೇಳು ತುಂಬಿದಮೇಲೆ ವೈದ್ಯವೃತ್ತಿಯನ್ನು ಬಿಟ್ಟು ಟ್ರಾನ್ಸ್‌ವಾಲ್ ವಸ್ತುಸಂಗ್ರಹಾಲಯಕ್ಕೆ ಸೇರಿದರು. ಕೀತರು ಕೇಳಿದ ‘ಬೆಳೆದವನು’ 1936ರಲ್ಲಿ ಸ್ಟೆರ್ಕ್‌ಫಾಂಟೈನ್ ಎಂಬ ಗುಹೆಯಲ್ಲಿ ಬ್ರೂಮರಿಗೆ ಸಿಕ್ಕಿದನು. ಆ ಸ್ಥಳದ ಸುಳಿವು ಕೊಟ್ಟವರು ಡಾರ್ಟರ ಇಬ್ಬರು ವಿದ್ಯಾರ್ಥಿಗಳು. 1938ರಲ್ಲಿ ಹತ್ತಿರದ ಕ್ರೋಮ್‌ಡ್ರಾಯಿಯಲ್ಲಿ ಶಾಲೆಯ ಹುಡುಗನೊಬ್ಬನ ಚಡ್ಡಿಯ ಜೇಬಿನಿಂದ ನಾಲ್ಕು ಹಲ್ಲುಗಳು ಹೊರಬಂದವು. ಅವು ಬೇರೊಂದು, ಭಾರಿ ದವಡೆಯ ಜಾತಿಯವು. 1947ರಲ್ಲಿ ಸ್ಟೆರ್ಕ್‌ಫಾಂಟೈನಿನಲ್ಲಿಯೇ ಪೂರ್ಣ ಬೆಳೆದ ಬುರುಡೆಯೊಂದು, ಜೊತೆಗೆ ಒಂದು ಸೊಂಟದ ಮೂಳೆಯೂ ದೊರೆತವು. ನೆಟ್ಟಗೆ ನಡೆಯುವವರ ಸೊಂಟ ಅದು. ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಆಕ್ಸ್‌ಫರ್ಡಿನ ಲ ಗ್ರೋ ಕ್ಲಾರ್ಕ್ ಸ್ವತಃ ಆಫ್ರಿಕಕ್ಕೆ ಹೋಗಿ ಎಲುಬುಗಳನ್ನು ಕೈಯಲ್ಲಿ ಹಿಡಿದು ನೋಡಿ ಡಾರ್ಟರ ಮಾತು ನಿಜವೆಂದರು. ಅದೇ ವರ್ಷ ಕೀತರು ‘ನೇಚರ್’ ಪತ್ರಿಕೆಗೇ ಬರೆದು ತಮ್ಮ ಅಭಿಪ್ರಾಯ ತಪ್ಪು, ಡಾರ್ಟರದು ಸರಿ ಎಂದು ಒಪ್ಪಿಕೊಂಡರು. ಎಂಬತ್ತು ದಾಟಿದವರು ಇಪ್ಪತ್ತೆರಡು ವರ್ಷದ ಹಟವನ್ನು ಅಚ್ಚಿನಲ್ಲಿ ಬಿಟ್ಟುಕೊಡುವುದು ಸುಲಭವಲ್ಲ. ನನಗೆ ಕೀತರ ಮೇಲೆ ಗೌರವ ಹುಟ್ಟುವುದು ಈ ಜಾಗದಲ್ಲಿ. ಪಿಲ್ಟ್‌ಡೌನಿನವನ ಗತಿ 1953ರಲ್ಲಿ ಮುಗಿಯಿತು: ಮನುಷ್ಯನ ಬುರುಡೆಗೆ ಒರಾಂಗುಟಾನಿನ ದವಡೆಯನ್ನು ಸೇರಿಸಿ, ಹಲ್ಲುಗಳನ್ನು ಅರದಿಂದ ಉಜ್ಜಿ, ಬಣ್ಣ ಹಚ್ಚಿ ಮಾಡಿದ ಮೋಸ ಅದು! ಕೀತರು ಅದನ್ನೂ ಕೇಳುವಷ್ಟು ಕಾಲ ಬದುಕಿದ್ದರು.

ಅಂದಿನಿಂದ ಆಫ್ರಿಕದ ನೆಲ ಕೊಡುತ್ತಲೇ ಬಂದಿದೆ. 1974ರಲ್ಲಿ ಇಥಿಯೋಪಿಯದಲ್ಲಿ ದೊರೆತ, 32 ಲಕ್ಷ ವರ್ಷ ಹಿಂದಿನ ‘ಲೂಸಿ’. 1978ರಲ್ಲಿ ಟಾಂಜಾನಿಯದ ಲೆಟೋಲಿಯಲ್ಲಿ ಜ್ವಾಲಾಮುಖಿಯ ಬೂದಿಯ ಮೇಲೆ ಮೂಡಿ ನಿಂತ, ಅದಕ್ಕೂ ಹಳೆಯ ಹೆಜ್ಜೆಗುರುತುಗಳು. ಎಲ್ಲವೂ ಹೇಳಿದ್ದು ಟೌಂಗ್‌ನ ಕೂಸು ಮೊದಲು ಹೇಳಿದ್ದನ್ನೇ. ಕೂಸು ಬದುಕಿದ್ದದ್ದು ಸುಮಾರು 25ರಿಂದ 30 ಲಕ್ಷ ವರ್ಷಗಳ ಹಿಂದೆ. ಮೊದಲು ಅದಕ್ಕೆ ಆರು ವರ್ಷವೆಂದು ಲೆಕ್ಕ ಹಾಕಿದ್ದರು, ಮನುಷ್ಯರ ಮಕ್ಕಳ ಅಳತೆಯಿಂದ. ಹಲ್ಲುಗಳು ಬೆಳೆಯುವ ವೇಗವನ್ನು 1980ರ ದಶಕದಲ್ಲಿ ಸೂಕ್ಷ್ಮವಾಗಿ ಪರೀಕ್ಷಿಸಿದಮೇಲೆ ಅದು ವಾನರಗಳಂತೆ ಬೇಗ ಬೆಳೆಯುತ್ತಿದ್ದ ಮಗು, ಮೂರು ನಾಲ್ಕು ವರ್ಷದ್ದು ಎಂದು ತಿಳಿಯಿತು. ನಮ್ಮ ದೀರ್ಘವಾದ ಬಾಲ್ಯವೂ ಕಾಲುಗಳ ನಂತರ ಬಂದದ್ದೆಂದಾಯಿತು. ಇಷ್ಟೆಲ್ಲ ತಿಳಿವು ಹುಟ್ಟಿದ ದಕ್ಷಿಣ ಆಫ್ರಿಕದಲ್ಲಿಯೇ ವರ್ಣಭೇದದ ಆಡಳಿತವಿದ್ದಷ್ಟು ಕಾಲ ಶಾಲೆಯ ಪಠ್ಯದಲ್ಲಿ ವಿಕಾಸವಾದಕ್ಕೆ ಸ್ಥಳವಿರಲಿಲ್ಲ. ಎಲ್ಲರೂ ಒಂದೇ ತೊಟ್ಟಿಲಿನವರೆಂಬ ಪಾಠ ಆ ಸರ್ಕಾರಕ್ಕೆ ಹೇಗೆ ಹಿಡಿಸೀತು? ಟೌಂಗ್ 2005ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಇನ್ನೊಂದು ಸಂಗತಿ ಉಳಿದಿದೆ, ನನಗೆ ಇದೇ ಹೆಚ್ಚು ಕಾಡುವಂಥದು. ಗೆದ್ದ ಡಾರ್ಟರೂ ಒಂದು ಪಾಠವನ್ನು ತಪ್ಪಾಗಿ ಓದಿದರು. ಮಕಪಾನ್ಸ್‌ಗಟ್ ಎಂಬ ಗುಹೆಯಲ್ಲಿ ಒಡೆದ ಪ್ರಾಣಿಗಳ ಮೂಳೆಗಳು ರಾಶಿರಾಶಿಯಾಗಿ ಸಿಕ್ಕಿದವು. ಅವೆಲ್ಲ ಈ ದಕ್ಷಿಣವಾನರಗಳ ಆಯುಧಗಳು, ಮೂಳೆಯೇ ಗದೆ, ದವಡೆಯೇ ಗರಗಸ, ಕೊಂಬೇ ಕಠಾರಿ, ನಮ್ಮ ಪೂರ್ವಜರು ಹುಟ್ಟು ಕೊಲೆಗಡುಕರು ಎಂದು ಅವರು ವಾದಿಸಿದರು. ಬೆಳಕು ಕಾಣದೆ ಇಪ್ಪತ್ತು ವರ್ಷ ಕಾದ ಮನುಷ್ಯನ ಈ ಮಾತಿಗೆ ಕಿವಿಗಳು ಬೇಗ ಸಿಕ್ಕಿದವು. ಎರಡು ಮಹಾಯುದ್ಧಗಳನ್ನು ಕಂಡ ಜನ ತಾನೆ! ರಾಬರ್ಟ್ ಆರ್ಡ್ರೆ 1961ರಲ್ಲಿ ಇದನ್ನೇ ಒಂದು ಜನಪ್ರಿಯ ಪುಸ್ತಕವಾಗಿ ಬರೆದನು. 1968ರ ಒಂದು ಪ್ರಸಿದ್ಧ ಚಲನಚಿತ್ರದಲ್ಲಿ ವಾನರನು ಮೂಳೆಯ ಗದೆಯನ್ನು ಆಕಾಶಕ್ಕೆ ಎಸೆದನು. ಆದರೆ ಬಾಬ್ ಬ್ರೇನ್ ಎಂಬ ತಾಳ್ಮೆಯ ವಿಜ್ಞಾನಿ ಸ್ವಾರ್ಟ್‌ಕ್ರಾನ್ಸ್ ಗುಹೆಯ ಮೂಳೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದರು. ಒಂದು ಎಳೆಯ ಬುರುಡೆಯ ಮೇಲೆ ಎರಡು ತೂತುಗಳು. ಚಿರತೆಯ ಕೆಳದವಡೆಯ ಕೋರೆಹಲ್ಲುಗಳನ್ನು ಅವುಗಳಲ್ಲಿ ಇಟ್ಟರೆ ಸರಿಯಾಗಿ ಕೂಡುತ್ತಿದ್ದವು. 1981ರಲ್ಲಿ ಅವರ ಪುಸ್ತಕ ಹೊರಬಂದಾಗ ವಾದ ತಲೆಕೆಳಗಾಯಿತು. ಆ ಜೀವಿಗಳು ಬೇಟೆಗಾರರಲ್ಲ, ಬೇಟೆ. ಡಾರ್ಟ್ ಆಗ ಇನ್ನೂ ಬದುಕಿದ್ದರು. ತೀರಿಕೊಂಡದ್ದು 1988ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ.

ಹಾಗಾದರೆ ಟೌಂಗ್‌ನ ಕೂಸನ್ನು ಕೊಂದವರು ಯಾರು? ಆ ಗಣಿಯಲ್ಲಿ ಅದರ ಜೊತೆಗೆ ಸಿಕ್ಕಿದ ಎಲುಬುಗಳು ಹೆಚ್ಚಾಗಿ ಸಣ್ಣ ಪ್ರಾಣಿಗಳವು, ಚಿಕ್ಕ ಬಬೂನ್‌ಗಳವು. ಚಿರತೆಗೆ ಇವು ಸಾಲುವ ತುತ್ತಲ್ಲ. ದೊಡ್ಡ ಹದ್ದೊಂದರ ಕೆಲಸವಿರಬೇಕೆಂದು ಲೀ ಬರ್ಜರ್ ಮತ್ತು ರಾನ್ ಕ್ಲಾರ್ಕ್ 1995ರಲ್ಲಿ ಸೂಚಿಸಿದರು, ಹಲವರು ನಂಬಲಿಲ್ಲ. ಆಮೇಲೆ ಪಶ್ಚಿಮ ಆಫ್ರಿಕದ ಕಾಡಿನಲ್ಲಿ ಕಿರೀಟದ ಹದ್ದುಗಳ ಗೂಡಿನ ಕೆಳಗೆ ಬಿದ್ದ ಕೋತಿಗಳ ಬುರುಡೆಗಳನ್ನು ಬೇರೆ ಸಂಶೋಧಕರು ಕೂಡಿಸಿ ಪರೀಕ್ಷಿಸಿದರು: ಹದ್ದು ಕೊಕ್ಕು, ಉಗುರುಗಳಿಂದ ಕಣ್ಣುಗೂಡನ್ನು ಹೇಗೆ ಚುಚ್ಚುತ್ತದೆ, ಎಂಥ ಗಾಯ ಉಳಿಯುತ್ತದೆ ಎಂಬುದು ತಿಳಿಯಿತು. ಅದನ್ನು ಓದಿದ ಬರ್ಜರ್ ಟೌಂಗ್‌ನ ಬುರುಡೆಯನ್ನು ಮತ್ತೊಮ್ಮೆ ಹೊರತೆಗೆದು ಕಣ್ಣುಗೂಡುಗಳನ್ನು ನೋಡಿದರು. ತಳದಲ್ಲಿ ಅಂಥದೇ ಸಣ್ಣ ತೂತುಗಳು, ಹರಿದ ಅಂಚುಗಳು. 2006ರಲ್ಲಿ ಅವರು ಅದನ್ನು ಪ್ರಕಟಿಸಿದರು. ಡಾರ್ಟ್ ಹೆಣಿಗೆ ಕಡ್ಡಿಯಿಂದ ಸುಣ್ಣವನ್ನು ಬಿಡಿಸಿದ ದಿನದಿಂದ ಆ ಗುರುತುಗಳು ಅಲ್ಲಿಯೇ, ಮುಖದ ಮೇಲೆಯೇ ಇದ್ದವು.