ಮುಖ ನೋಡಿದ್ರಿ, ಕಣ್ಣು ನೋಡಿದ್ರಾ?

ಟಿವಿಯವರಾದ ನಮಗೊಂದು ಚಾಳಿ ಇದೆ. ಮಗುವಿನ ಮುಖದ ಆಪರೇಷನ್ ಸುದ್ದಿ ಬಂದರೆ ಸಾಕು, 'ಮೊದಲು' ಮತ್ತು 'ನಂತರ' ಅಂತ ಎರಡು ಫೋಟೋ ಅಕ್ಕಪಕ್ಕ ಹಾಕ್ತೀವಿ. ಹಾಕಿದವರಲ್ಲಿ ನಾನೂ ಒಬ್ಬ. ಆದರೆ ಆ ಫೋಟೋ ಆ ಮಗುವಿಗೆ ಸರಿಯಾಗಿ ಕಾಣುತ್ತಾ? ಇದನ್ನ ಯಾರೂ ಕೇಳೋದಿಲ್ಲ.

ಸ್ವಲ್ಪ ಇತಿಹಾಸ ನೋಡೋಣ. 1912, ಫ್ರಾನ್ಸ್. ಆಕ್ಟೇವ್ ಕ್ರೂಜಾನ್ ಎಂಬ ನರರೋಗ ವೈದ್ಯರು ಒಬ್ಬ ತಾಯಿ ಮತ್ತು ಆಕೆಯ ಮಗನ ಬಗ್ಗೆ ಬರೆದರು. ಇಬ್ಬರಿಗೂ ತಲೆಬುರುಡೆಯ ಆಕಾರ ಬೇರೆ, ಕೆನ್ನೆ ಒಳಕ್ಕೆ, ಕಣ್ಣು ಹೊರಕ್ಕೆ. ಆ ಸ್ಥಿತಿಗೆ ಇವತ್ತಿಗೂ ಅವರದೇ ಹೆಸರು.

ಹುಟ್ಟುವಾಗ ಬುರುಡೆಯ ಮೂಳೆಗಳ ನಡುವೆ ಸಂದು ಇರುತ್ತೆ. ಮಿದುಳು ಬೆಳೆದಂತೆ ಬುರುಡೆ ಹಿಗ್ಗೋದು ಅದರಿಂದಲೇ. ಈ ಮಕ್ಕಳಲ್ಲಿ ಆ ಸಂದು ಬೇಗನೇ ಬೆಸೆದುಕೊಳ್ಳುತ್ತೆ. ಕಣ್ಣಿನ ಗುಳಿಗೆ ಆಳ ಸಾಲದು. ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಮುಚ್ಚದೆ ಕಾರ್ನಿಯಾ ಒಣಗಿ ಹುಣ್ಣಾಗಬಹುದು. ತಲೆಯೊಳಗೆ ಒತ್ತಡ ಏರಿದರೆ ದೃಷ್ಟಿಯ ನರವೇ ಸೊರಗಬಹುದು.

ಈ ಮೂಳೆಯನ್ನ ಸರಿಸೋಕೆ ಧೈರ್ಯ ಮಾಡಿದವರಲ್ಲಿ ದೊಡ್ಡ ಹೆಸರು ಫ್ರಾನ್ಸಿನದೇ ಸರ್ಜನ್ ಪಾಲ್ ಟೆಸಿಯೆ. ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿದರು. ನರಶಸ್ತ್ರಜ್ಞರನ್ನ ಜೊತೆಗಿಟ್ಟುಕೊಂಡು ಬುರುಡೆ ತೆರೆದು, ಕಣ್ಣಿನ ಗುಳಿಯ ಮೂಳೆಯನ್ನೇ ಜರುಗಿಸಿದರು. 1967ರಲ್ಲಿ ರೋಮ್ ಸಮ್ಮೇಳನದಲ್ಲಿ ತಮ್ಮ ಕೆಲಸ ಮುಂದಿಟ್ಟರು. ವೈದ್ಯಲೋಕ ಬೆರಗಾಯ್ತು. ಹೊಸ ಶಸ್ತ್ರವಿದ್ಯೆಯೇ ಹುಟ್ಟಿತು.

ಹಾಗಾದರೆ ಕಥೆ ಸುಖಾಂತ್ಯ, ಅಲ್ವಾ? ಅಲ್ಲ!

ಮೂಳೆ ಸರಿದ ಮಾತ್ರಕ್ಕೆ ದೃಷ್ಟಿ ಬಂದುಬಿಡೋದಿಲ್ಲ. ನಾನು ಓದಿದ್ದು ಇಂಜಿನಿಯರಿಂಗ್, ಆ ಭಾಷೆಯಲ್ಲೇ ಹೇಳ್ತೀನಿ. ಕ್ಯಾಮೆರಾ ಸರಿಯಿದ್ದರೂ ಬರುವ ಸಿಗ್ನಲ್ಲನ್ನ ಕಂಪ್ಯೂಟರ್ ತಗೊಳ್ಳದಿದ್ದರೆ ಚಿತ್ರ ಬರಲ್ಲ. ಈ ಮಕ್ಕಳಲ್ಲಿ ಮೆಳ್ಳೆಗಣ್ಣು, ದೃಷ್ಟಿದೋಷ ಹೆಚ್ಚು. ಒಂದು ಕಣ್ಣಿನ ಚಿತ್ರ ಮಸುಕಾದರೆ ಮಿದುಳು ಅದನ್ನ ಕೈಬಿಡುತ್ತೆ. ಅದೇ 'ಸೋಮಾರಿ ಕಣ್ಣು'. ನೋವಿಲ್ಲ, ಕೆಂಪಾಗಲ್ಲ. ಮಗು ದೂರುವುದೂ ಇಲ್ಲ, ಅದಕ್ಕೆ ಗೊತ್ತಿರೋದೇ ಆ ನೋಟ.

ಇದಕ್ಕೆ ಮದ್ದು ಏನು ಗೊತ್ತಾ? ಕನ್ನಡಕ. ಮತ್ತೆ, ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ. ಒಳ್ಳೇ ಕಣ್ಣು ಮುಚ್ಚಿದರೆ ಸೋತ ಕಣ್ಣು ದುಡಿಯಲೇಬೇಕು. ಮೆಳ್ಳೆಗಣ್ಣಿಗೆ ಈ ಉಪಾಯವನ್ನ ಫ್ರಾನ್ಸಿನ ಬ್ಯುಫೋನ್ 1743ರಲ್ಲೇ ಬರೆದಿದ್ದರು. ಟೆಸಿಯೆಗಿಂತ 224 ವರ್ಷ ಹಿಂದೆ!

ಆದರೆ ಒಂದು ಷರತ್ತಿದೆ, ವಯಸ್ಸು. ಏಳೆಂಟು ವರ್ಷದ ಒಳಗೆ ಪಟ್ಟಿ ಕಟ್ಟಿದರೆ ಫಲ ಹೆಚ್ಚು, ಆಮೇಲೆ ಕಡಿಮೆಯಾಗುತ್ತಾ ಹೋಗುತ್ತೆ. ಮುಖದ ಆಪರೇಷನ್ ತಾರೀಖಿಗೆ ಕಾಯುತ್ತಾ ಕೂತರೆ ಈ ಸಮಯ ಕೈತಪ್ಪುತ್ತೆ.

ಅಂಥ ಮಗು ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಇದ್ದರೆ ಇವತ್ತೇ ಕೇಳಿ: ಕಣ್ಣಿನ ಡಾಕ್ಟರ್ ಹತ್ತಿರ ತೋರಿಸಿದ್ರಾ? ಒಮ್ಮೆ ತೋರಿಸಿದರೆ ಸಾಲದು, ಮತ್ತೆ ಮತ್ತೆ ತೋರಿಸಬೇಕು. ನಾವು ಆ ಮಗುವಿನ ಮುಖ ನೋಡಿದ್ದು ಸಾಕು. ಅದೂ ನಮ್ಮ ಮುಖವನ್ನ ಸ್ಪಷ್ಟವಾಗಿ ನೋಡಲಿ.