ನಾಸ್ತಿಕತೆಯೂ ಒಂದು ಮತವೇ?

ದೇವರಿಲ್ಲ ಎನ್ನುವವರ ಮುಂದೆ ಆಸ್ತಿಕರು ಇಡುವ ಒಂದು ಸವಾಲಿದೆ: ‘ದೇವರಿದ್ದಾನೆ ಎಂಬುದು ನಮ್ಮ ನಂಬಿಕೆಯಾದರೆ, ಇಲ್ಲ ಎಂಬುದು ನಿಮ್ಮ ನಂಬಿಕೆ, ಎರಡಕ್ಕೂ ಏನು ವ್ಯತ್ಯಾಸ?’ ನಾಸ್ತಿಕರ ಮರುತ್ತರವೂ ಸಿದ್ಧವಾಗಿರುತ್ತದೆ: ‘ನಂಬದಿರುವುದೂ ನಂಬಿಕೆಯಾಗುವುದಾದರೆ ಉಪವಾಸವನ್ನೂ ಊಟ ಎನ್ನಬೇಕಾದೀತು.’ ಈ ವಾದ ಮೇಲ್ನೋಟಕ್ಕೆ ಮಾತಿನ ಮಲ್ಲಯುದ್ಧದಂತೆ ಕಂಡರೂ ಇದರ ಹಿಂದೆ ದೀರ್ಘವಾದ ಇತಿಹಾಸವಿದೆ.

‘ಮತ’ ಎಂಬ ಪದವೇ ಇಲ್ಲಿ ಗೊಂದಲದ ಮೂಲ. ಅದಕ್ಕೆ ಅಭಿಪ್ರಾಯ ಎಂಬ ಅರ್ಥವೂ ಇದೆ, ಧರ್ಮಪಂಥ ಎಂಬ ಅರ್ಥವೂ ಇದೆ. ‘ನಾಸ್ತಿಕ’ ಪದದ ಅರ್ಥವೂ ಬದಲಾಗುತ್ತ ಬಂದಿದೆ. ಪಾಣಿನಿಯ ವ್ಯಾಕರಣದ ವ್ಯಾಖ್ಯಾನಕಾರರಿಗೆ ನಾಸ್ತಿಕನೆಂದರೆ ಪರಲೋಕವಿಲ್ಲ ಎನ್ನುವವನು. ಮನುಸ್ಮೃತಿಗೆ ವೇದವನ್ನು ನಿಂದಿಸುವವನು. ಈಶ್ವರನನ್ನು ಒಪ್ಪದವನು ಎಂಬ ಇಂದಿನ ಅರ್ಥ ಬಳಕೆಯಲ್ಲಿ ಗಟ್ಟಿಯಾದದ್ದು ಆಮೇಲೆ.

ಹಿಂದಿನವರು ಈ ಭೇದವನ್ನು ಹೇಗೆ ನಿಭಾಯಿಸಿದರು ಎಂಬುದಕ್ಕೆ ತುಮಕೂರು ಸೀಮೆಯಲ್ಲೇ ಕುರುಹುಗಳಿವೆ. ತುಮಕೂರಿಗೆ ಸಮೀಪದ ಕೈದಾಳದಲ್ಲಿ 1150ರ ಸುಮಾರಿಗೆ ಹೊಯ್ಸಳರ ಸಾಮಂತ ಬಾಚಿ ಶಿವನಿಗೆ, ವಿಷ್ಣುವಿಗೆ, ಜಿನನಿಗೆ ಗುಡಿಗಳನ್ನು ಕಟ್ಟಿಸಿದ. ಜೈನರು ತೀರ್ಥಂಕರರನ್ನು ಪೂಜಿಸುತ್ತಾರಾದರೂ ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪುವುದಿಲ್ಲ. ಸೃಷ್ಟಿಕರ್ತನಿಲ್ಲ ಎನ್ನುವ ದರ್ಶನವೂ ಒಂದು ಗೌರವಾನ್ವಿತ ‘ಸಮಯ’ವಾಗಿ ಬಾಚಿಯ ಪೋಷಣೆ ಪಡೆಯಿತು. ಪಶ್ಚಿಮಕ್ಕೆ ತುರುವೇಕೆರೆಯಂತಹ ಹೊಯ್ಸಳ ಅಗ್ರಹಾರಗಳಿದ್ದವು. ಆ ಕಾಲದ ವೈದಿಕ ವಿದ್ಯೆಯಲ್ಲಿ ಪೂರ್ವಮೀಮಾಂಸೆಗೆ ದೊಡ್ಡ ಸ್ಥಾನವಿತ್ತು. ಆ ಶಾಸ್ತ್ರದ ಮಹಾಪಂಡಿತ ಕುಮಾರಿಲಭಟ್ಟ ಯಜ್ಞವನ್ನು ಎತ್ತಿಹಿಡಿದವನು. ಆದರೆ ಸರ್ವಜ್ಞನಾದ ಸೃಷ್ಟಿಕರ್ತನಿದ್ದಾನೆ ಎಂಬ ವಾದವನ್ನು ಖಂಡಿಸಿದವನು! ವೇದವನ್ನು ಒಪ್ಪಿದ್ದರಿಂದ ಅವನು ಆಸ್ತಿಕನೇ ಆಗಿ ಉಳಿದ.

ಈ ಎಲ್ಲ ಪಂಥಗಳನ್ನೂ ಒಂದೆಡೆ ಸೇರಿಸಿದ ಗ್ರಂಥ ‘ಸರ್ವದರ್ಶನ ಸಂಗ್ರಹ’. 14ನೆಯ ಶತಮಾನದ ವಿಜಯನಗರದಲ್ಲಿ, ಮಾಧವಾಚಾರ್ಯರ ಹೆಸರಿನಲ್ಲಿ ಬಂದ ಈ ಕೃತಿ 16 ದರ್ಶನಗಳನ್ನು ವಿವರಿಸುತ್ತದೆ. ಕೊನೆಯದು ಅದ್ವೈತ, ಮೊದಲನೆಯದು ಚಾರ್ವಾಕ. ಖಂಡಿಸುವ ಉದ್ದೇಶದಿಂದಲೇ ಆದರೂ, ದೇವರು, ಆತ್ಮ, ಪರಲೋಕ ಮೂರನ್ನೂ ತಳ್ಳಿಹಾಕಿದವರನ್ನು ಗ್ರಂಥಕಾರ ‘ದರ್ಶನ’ ಎಂದೇ ಕರೆದ. ಚಾರ್ವಾಕರಿಗೆ ಆ ಸ್ಥಾನ ಬಂದದ್ದು ‘ಇಲ್ಲ’ ಎಂದದ್ದಕ್ಕಲ್ಲ. ‘ಇಲ್ಲವೆಂದು ಹೇಗೆ ಬಲ್ಲೆ?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದಕ್ಕೆ. ಕಣ್ಣಾರೆ ಕಂಡದ್ದು, ಅಂದರೆ ಪ್ರತ್ಯಕ್ಷವೊಂದೇ ಪ್ರಮಾಣ ಎಂಬುದು ಅವರ ನಿಲುವು.

ಆ ನಿಲುವಿನ ಕಷ್ಟವನ್ನು ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ತೆಂಗು ಬೆಳೆಗಾರ ಸುಲಭವಾಗಿ ತಿಳಿದಾನು. ಉಂಡೆ ಕೊಬ್ಬರಿಗಾಗಿ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡಾಗ, ಕಾಯನ್ನು ಅಲುಗಾಡಿಸಿದರೆ ಸದ್ದಾಗುತ್ತದೆ. ಕೊಬ್ಬರಿಯನ್ನು ಯಾರೂ ಕಂಡಿಲ್ಲ, ಸದ್ದಿನಿಂದ ಊಹಿಸಿದ್ದಾರೆ. ತರ್ಕಶಾಸ್ತ್ರ ಇದನ್ನೇ ಅನುಮಾನ ಪ್ರಮಾಣ ಎನ್ನುತ್ತದೆ. ‘ಸದ್ದಾದಾಗಲೆಲ್ಲ ಒಳಗೆ ಒಳ್ಳೆಯ ಕೊಬ್ಬರಿಯೇ ಇರುತ್ತದೆಂದು ಯಾರು ಖಾತ್ರಿ ಕೊಟ್ಟವರು?’ ಎಂಬುದು ಚಾರ್ವಾಕನ ಬಗೆಯ ಆಕ್ಷೇಪ. ಖಾತ್ರಿಯಿಲ್ಲ, ನಿಜ. ಆದರೆ ಅನುಮಾನವನ್ನು ಪೂರ್ತಿ ಬಿಟ್ಟರೆ ವ್ಯಾಪಾರವೂ ಇಲ್ಲ, ಬದುಕೂ ಇಲ್ಲ. ಇದನ್ನರಿತೇ ಚಾರ್ವಾಕರಲ್ಲಿ ಕೆಲವರು ಲೋಕವ್ಯವಹಾರದ ಅನುಮಾನವನ್ನು ಒಪ್ಪಿ, ಪರಲೋಕದ ವಿಷಯದಲ್ಲಿ ಮಾತ್ರ ಅದು ಸಲ್ಲದು ಎಂದರು. ಒಡೆದು ನೋಡಬಹುದಾದ ಕಾಯಿಯ ಬಗ್ಗೆ ಊಹಿಸುವುದು ಬೇರೆ, ಎಂದೂ ಒಡೆಯಲಾಗದ ಕಾಯಿಯ ಬಗ್ಗೆ ಊಹಿಸುವುದು ಬೇರೆ ಎಂಬುದು ಅವರ ತಾತ್ಪರ್ಯ.

ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಜೈನರು, ಮೀಮಾಂಸಕರು, ಚಾರ್ವಾಕರು ಮೂವರೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಆದರೆ ಕರ್ಮ, ಪುನರ್ಜನ್ಮ, ಯಜ್ಞ ಯಾವುದರಲ್ಲೂ ಅವರು ಒಂದಾಗಲಿಲ್ಲ. ಹಾಗಾದರೆ ಈಶ್ವರನ ನಿರಾಕರಣೆ ತಾನೇ ಒಂದು ಮನೆಯಲ್ಲ; ಬೇರೆ ಬೇರೆ ಮನೆಗಳಲ್ಲಿ ಕಾಣುವ ಒಂದು ಕಂಬ. ತಿಳಿಯುವುದು ಹೇಗೆ, ಬಾಳುವುದು ಹೇಗೆ ಎಂಬ ಗೋಡೆಗಳೂ ಎದ್ದಾಗಲೇ ಅದು ದರ್ಶನವಾಗುತ್ತದೆ.

20ನೆಯ ಶತಮಾನದಲ್ಲಿ ‘ಬಾಳುವುದು ಹೇಗೆ’ ಎಂಬುದೇ ಮುಖ್ಯವಾಯಿತು. ಈರೋಡಿನ ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಪೆರಿಯಾರ್ ಇ.ವಿ. ರಾಮಸ್ವಾಮಿ ತಮಿಳುನಾಡಿನಲ್ಲಿ ಸ್ವಾಭಿಮಾನ ಚಳವಳಿ ಕಟ್ಟಿದರು. ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹಗಳಿಗೆ 1967ರ ತಿದ್ದುಪಡಿಯಿಂದ ಅಲ್ಲಿ ಕಾನೂನಿನ ಮನ್ನಣೆ ಸಿಕ್ಕಿತು. ಆಂಧ್ರದ ಗೋರಾ 1940ರಲ್ಲಿ ನಾಸ್ತಿಕ ಕೇಂದ್ರ ಆರಂಭಿಸಿ, ಅಸ್ಪೃಶ್ಯತೆಯ ವಿರುದ್ಧ ಸಹಪಂಕ್ತಿ ಭೋಜನಗಳನ್ನು ನಡೆಸಿದರು. 1948ರಲ್ಲಿ ಮಗಳ ಮದುವೆಯನ್ನು ಸೇವಾಗ್ರಾಮದಲ್ಲಿ ದಲಿತ ಯುವಕನೊಂದಿಗೆ ಮಾಡಿದರು. ಇವು ಬರಿಯ ನಿರಾಕರಣೆಗಳಲ್ಲ, ಬದುಕಿನ ಕ್ರಮಗಳು. ಕರ್ನಾಟಕದ ದಾರಿ ಕೊಂಚ ಭಿನ್ನ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಎ.ಎನ್. ಮೂರ್ತಿರಾವ್ ತೊಂಬತ್ತರ ಅಂಚಿನಲ್ಲಿ ‘ದೇವರು’ ಬರೆದು, ಆಸ್ತಿಕರ ವಾದಗಳನ್ನು ತಾಳ್ಮೆಯಿಂದ ಪರೀಕ್ಷಿಸಿದರು. ಪುಸ್ತಕ 1991ರಲ್ಲಿ ಪ್ರಕಟವಾಯಿತು. ಇಬ್ಬರೂ ಹೊಸ ಪಂಥ ಕಟ್ಟಲಿಲ್ಲ. ಪ್ರಶ್ನಿಸುವ ಅಭ್ಯಾಸವನ್ನು ಬೆಳೆಸಿದರು.

ಈ ಚರ್ಚೆ ಪಂಡಿತರಿಗೆ ಮಾತ್ರ ಸೇರಿದ್ದಲ್ಲ. ಸಂವಿಧಾನದ 25ನೆಯ ವಿಧಿ ಮೊದಲು ಹೇಳುವುದು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು. ಶಾಸಕನಾದವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ದೇವರ ಹೆಸರಿಲ್ಲದೆಯೂ ಪ್ರತಿಜ್ಞೆ ಸ್ವೀಕರಿಸಬಹುದು. ಯಾವ ಧರ್ಮಕ್ಕೂ ಸೇರಿಲ್ಲ ಎನ್ನುವ ಹಕ್ಕು ಪ್ರಜೆಗಿದೆ ಎಂದು 2014ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಆದರೂ ಮದುವೆ, ಆಸ್ತಿಗಳ ವಿಷಯ ಬಂದಾಗ ಹುಟ್ಟಿದ ಧರ್ಮವೇ ಬೆನ್ನಿಗೆ ಬರುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ ಮಟ್ಟಿಗೆ, ಹಿಂದೂ ಮನೆಯಲ್ಲಿ ಹುಟ್ಟಿದ ನಾಸ್ತಿಕನೂ ಹಿಂದೂವೇ. ಇಸ್ಲಾಂ ಧರ್ಮದಲ್ಲಿ ಹುಟ್ಟಿ ನಂಬಿಕೆ ಬಿಟ್ಟ ಕೇರಳದ ಮಹಿಳೆಯೊಬ್ಬರು, ತಮ್ಮ ಆಸ್ತಿಗೆ ಶರೀಯತ್ ಬದಲು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯವಾಗಲಿ ಎಂದು ಕೋರಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರಲ್ಲಿ ನೋಟಿಸ್ ನೀಡಿತು.

ನಾಸ್ತಿಕತೆ ಒಂದು ಮತವಾದರೆ ಮಾತ್ರ ಅದಕ್ಕೆ ರಕ್ಷಣೆ ಎನ್ನುವುದು ಸರಿಯಲ್ಲ. ಮಠ, ಗ್ರಂಥ, ಗುರು ಯಾವುದೂ ಇಲ್ಲದ ಒಂಟಿ ಮನುಷ್ಯನ ಸಂದೇಹಕ್ಕೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಸಲ್ಲಬೇಕು. ಹಾಗೆಯೇ, ನಾಸ್ತಿಕತೆ ಗುರುವಾಕ್ಯ, ಪ್ರತಿಮೆ, ಘೋಷಣೆಗಳ ಪಂಥವಾಗಿ ಬೆಳೆದಲ್ಲಿ, ಉಳಿದ ಪಂಥಗಳಿಗೆ ಅದು ಕೇಳಿದ ಪ್ರಶ್ನೆಗಳನ್ನೇ ಅದಕ್ಕೂ ಕೇಳುವುದು ನ್ಯಾಯ.